ಬೆಟ್ಟ–ಕಾಡಿನ ಐದು ದಿನಗಳ ಪ್ರವಾಸ: ಬೆಲೆ, ತೆರಿಗೆ ಮತ್ತು ಮುಂಗಡದ ಲೆಕ್ಕ

ಮಾಗಡಿ ಸೀಮೆಯ ಗುಡೇಮಾರನಹಳ್ಳಿ, ಸೋಲೂರು ಕಡೆಯ ವರ್ತಕರಿಗೆ ಬೆಂಗಳೂರು–ಹಾಸನ ಹೆದ್ದಾರಿ ಹೊಸದಲ್ಲ. ಆದರೆ ಆ ಹೆದ್ದಾರಿಯು ಇಂದು ಒಯ್ಯುತ್ತಿರುವ ಸರಕಿನಲ್ಲಿ ಒಂದು ಹೊಸ ಬಗೆ ಸೇರಿಕೊಂಡಿದೆ. ಅದು ಪ್ರವಾಸಿ. ವಾರಾಂತ್ಯ ಬಂದೊಡನೆ ರಾಜಧಾನಿಯಿಂದ ಹೊರಡುವ ವಾಹನಗಳು ಕುಣಿಗಲ್, ಯಡಿಯೂರು, ಹಾಸನಗಳನ್ನು ದಾಟಿ ಮಲೆನಾಡಿನತ್ತ ಸಾಗುತ್ತವೆ. ಇವುಗಳನ್ನು ಕಂಡು, ವಾಹನವುಳ್ಳವರೂ ಸ್ವಲ್ಪ ಬಂಡವಾಳವುಳ್ಳವರೂ ‘ನಾವೇ ಏಕೆ ಒಂದು ಪ್ರವಾಸ ಸಂಸ್ಥೆಯನ್ನು ನಡೆಸಬಾರದು?’ ಎಂದು ಕೇಳುವುದು ಸಹಜವೇ ಆಗಿದೆ.

ಸಾವನದುರ್ಗಕ್ಕೋ ರಾಮದೇವರ ಬೆಟ್ಟಕ್ಕೋ ಬೆಳಿಗ್ಗೆ ಹೋಗಿ ಸಂಜೆ ಹಿಂತಿರುಗುವ ಒಂದು ದಿನದ ವಿಹಾರದ ಲೆಕ್ಕ ಸರಳವಾದುದು. ವಾಹನದ ಬಾಡಿಗೆ, ಊಟದ ಖರ್ಚು, ಉಳಿದದ್ದು ಲಾಭ. ಆದರೆ ಮಾರ್ಗದರ್ಶಿಯೊಡನೆ ಹಲವು ದಿನ ಬೆಟ್ಟ ಹತ್ತಿಸಿ, ಮಳೆಕಾಡಿನಲ್ಲಿ ನಡೆಸಿ, ಸುರಕ್ಷಿತವಾಗಿ ಮನೆಗೆ ತಲುಪಿಸುವ ಪ್ರವಾಸ ಬೇರೆಯೇ ಬಗೆಯ ವ್ಯಾಪಾರ. ಇಲ್ಲಿ ಹಣ ಮೊದಲು ಬರುತ್ತದೆ, ಸೇವೆ ಆಮೇಲೆ ಸಲ್ಲುತ್ತದೆ. ಈ ಎರಡರ ನಡುವಿನ ಅವಧಿಯಲ್ಲಿ ಕೈಯಲ್ಲಿರುವ ಹಣ ಯಾರದು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದವನು ಉಳಿಯುತ್ತಾನೆ, ತಿಳಿಯದವನು ಒಂದೇ ಮಳೆಗಾಲದಲ್ಲಿ ಮುಳುಗುತ್ತಾನೆ. ಈ ವಿಷಯವನ್ನು ಲೆಕ್ಕಪತ್ರದ ದೃಷ್ಟಿಯಿಂದ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಾರಾಟವಾಗುವ ಸರಕು ಯಾವುದು?

ಮೊದಲಿಗೆ ನಾವು ಮಾರುತ್ತಿರುವುದೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಉದಾಹರಣೆಗಾಗಿ ಐದು ದಿನ, ನಾಲ್ಕು ರಾತ್ರಿಗಳ ಒಂದು ಪ್ರವಾಸವನ್ನು ತೆಗೆದುಕೊಳ್ಳಬಹುದು. ಮೊದಲ ದಿನ ಗುಡೇಮಾರನಹಳ್ಳಿಯಿಂದ ಹೊರಟು ಹಾಸನ, ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿನಲ್ಲಿ ತಂಗುವುದು. ಎರಡನೆಯ ದಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ಸುಮಾರು 1,930 ಮೀಟರ್ ಎತ್ತರದ, ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯನ್ನೂ ಬಾಬಾಬುಡನ್‌ಗಿರಿಯನ್ನೂ ನೋಡಿ, ಬಾಳೆಹೊನ್ನೂರಿನ ದಾರಿಯಲ್ಲಿ ಕಳಸ ಸೇರುವುದು. ಮೂರನೆಯ ದಿನ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಇಡೀ ದಿನದ ಚಾರಣ. ನಾಲ್ಕನೆಯ ದಿನ ಶೃಂಗೇರಿಯ ಮೂಲಕ ಆಗುಂಬೆ, ಅಲ್ಲಿನ ಮಳೆಕಾಡಿನ ಪರಿಚಯ. ಐದನೆಯ ದಿನ ಹಿಂತಿರುಗುವುದು.

ಈ ಮಾರ್ಗದಲ್ಲಿ ಎರಡು ಭಿನ್ನ ಲೋಕಗಳಿವೆ. ಕುದುರೆಮುಖದ ಎತ್ತರದಲ್ಲಿ ಬೆಟ್ಟದ ಮೈಯೆಲ್ಲ ಹುಲ್ಲುಗಾವಲು, ಕಣಿವೆಯ ಮಡಿಲಿನಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಈ ಹುಲ್ಲು–ಶೋಲಾಗಳ ಸೀಮೆಯಲ್ಲೇ, ಗಂಗಾಮೂಲದಲ್ಲಿ ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುತ್ತವೆ. ಆಗುಂಬೆಯಲ್ಲಾದರೋ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ ನಿತ್ಯಹರಿದ್ವರ್ಣದ ಮರಗಳು, ಜಿಗಣೆ, ಕಾಳಿಂಗ ಸರ್ಪ. ಅಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರವು 2005ರಲ್ಲಿ ಸ್ಥಾಪನೆಯಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕಕ್ಕೆ ಸೇರಿದವು 10. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ವನ್ಯಧಾಮ ಮತ್ತು ಆಗುಂಬೆ ಕಾಯ್ದಿಟ್ಟ ಅರಣ್ಯಗಳು ಆ ಹತ್ತರಲ್ಲಿ ಸೇರಿವೆ.

ಇವೆಲ್ಲವನ್ನೂ ಪ್ರವಾಸಿಯು ತನ್ನ ಪಾಡಿಗೆ ತಾನೇ ಹೋಗಿ ನೋಡಬಹುದು. ಹಾಗಿದ್ದೂ ಆತ ಹಣ ಕೊಡುವುದು ಮೂರು ಸಂಗತಿಗಳಿಗಾಗಿ: ಅನುಮತಿ, ವಸತಿ, ವಾಹನಗಳ ಹೊಂದಾಣಿಕೆಗೆ, ಕಾಡನ್ನು ಬಲ್ಲವನ ಮಾತಿಗೆ, ಏನಾದರೂ ಆದರೆ ಹೊಣೆ ಹೊರುವವರೊಬ್ಬರಿದ್ದಾರೆ ಎಂಬ ಭರವಸೆಗೆ. ನಮ್ಮ ಸರಕು ಈ ಮೂರೇ. ಬೆಟ್ಟವೂ ಕಾಡೂ ನಮ್ಮವಲ್ಲ.

ಬೆಲೆಯ ರಚನೆ

ಇನ್ನು ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಕೇವಲ ವಿವರಣೆಗಾಗಿ ಕಲ್ಪಿಸಿಕೊಂಡವು. ಓದುಗರು ತಮ್ಮ ತಮ್ಮ ದರಗಳನ್ನು ಹಾಕಿಕೊಂಡು ನೋಡತಕ್ಕದ್ದು.

12 ಜನ ಪ್ರವಾಸಿಗಳ ಒಂದು ತಂಡವೆಂದು ಭಾವಿಸೋಣ. ಎಷ್ಟು ಜನ ಬಂದರೂ ಬದಲಾಗದ ಸ್ಥಿರ ವೆಚ್ಚಗಳು ಹೀಗಿವೆ: ಇಂಧನ, ಸುಂಕ, ಚಾಲಕರ ಬಾಟಾ ಸೇರಿ ಐದು ದಿನದ ವಾಹನ ಬಾಡಿಗೆ ರೂ. 42,000, ಪ್ರವಾಸ ವ್ಯವಸ್ಥಾಪಕರ ಸಂಭಾವನೆ ರೂ. 10,000, ಸ್ಥಳೀಯ ಮಾರ್ಗದರ್ಶಿಗಳ ಸಂಭಾವನೆ ರೂ. 6,000, ಪ್ರಚಾರ, ದೂರವಾಣಿ, ಪ್ರಥಮ ಚಿಕಿತ್ಸೆ ಇತ್ಯಾದಿ ರೂ. 5,000. ಒಟ್ಟು ರೂ. 63,000. ಪ್ರತಿ ಪ್ರವಾಸಿಗೆ ತಗಲುವ ಚರ ವೆಚ್ಚಗಳು: ನಾಲ್ಕು ರಾತ್ರಿಯ ಹೋಂಸ್ಟೇ ವಾಸ್ತವ್ಯ ಮತ್ತು ಊಟ ರೂ. 6,000, ದಾರಿಯ ಊಟ, ಪ್ರವೇಶ ಶುಲ್ಕ, ವಿಮೆ ರೂ. 1,500. ಒಟ್ಟು ರೂ. 7,500.

ತೆರಿಗೆಯನ್ನು ಬಿಟ್ಟು ತಲಾ ರೂ. 14,500 ಬೆಲೆ ನಿಗದಿಪಡಿಸಿದರೆ, ಪ್ರತಿ ಪ್ರವಾಸಿಯಿಂದ ಸ್ಥಿರ ವೆಚ್ಚದ ಭರ್ತಿಗೆ ಉಳಿಯುವ ಕೊಡುಗೆ ರೂ. 7,000. ಸ್ಥಿರ ವೆಚ್ಚ ರೂ. 63,000ನ್ನು ಇದರಿಂದ ಭಾಗಿಸಿದರೆ 9. ಅಂದರೆ ಒಂಬತ್ತನೆಯ ಪ್ರವಾಸಿ ಹಣ ಕಟ್ಟುವವರೆಗೆ ಲಾಭವೆಂಬ ಮಾತೇ ಇಲ್ಲ. ಹನ್ನೆರಡೂ ಜನ ಬಂದರೆ ರೂ. 21,000 ಲಾಭ. ಏಳೇ ಜನ ಬಂದರೆ ರೂ. 14,000 ನಷ್ಟ. ಲಾಭವೆಲ್ಲ ಕೊನೆಯ ಮೂರು ಆಸನಗಳಲ್ಲಿದೆ ಎಂಬುದನ್ನು ಗಮನಿಸಬೇಕು. ಕೊನೆಯ ಗಳಿಗೆಯಲ್ಲಿ ಆಸನ ಭರ್ತಿ ಮಾಡಲು ಅರ್ಧ ಬೆಲೆಗೆ ರಿಯಾಯಿತಿ ಕೊಡುವವರು, ಆ ಅರ್ಧ ಬೆಲೆಯು ಚರ ವೆಚ್ಚವನ್ನಾದರೂ ಭರಿಸುತ್ತದೆಯೇ ಎಂದು ಮೊದಲು ನೋಡಬೇಕು. ಈ ಉದಾಹರಣೆಯಲ್ಲಿ ಅರ್ಧ ಬೆಲೆ ರೂ. 7,250, ಚರ ವೆಚ್ಚ ರೂ. 7,500. ಆಸನ ತುಂಬುತ್ತದೆ, ಗಂಟು ಕರಗುತ್ತದೆ.

ತೆರಿಗೆ: ಒಂದು ಸಾಲಿನ ಜಾಹೀರಾತು, ಎಂಟು ಸಾವಿರದ ವ್ಯತ್ಯಾಸ

ಪ್ರವಾಸ ಸಂಘಟಕರ ಸೇವೆಗೆ ಸರಕು ಮತ್ತು ಸೇವಾ ತೆರಿಗೆಯ ದರ ಶೇ. 5. ಇದಕ್ಕೆ ಎರಡು ಷರತ್ತುಗಳಿವೆ. ಒಂದು, ಬಿಲ್ಲಿನಲ್ಲಿ ನಮೂದಿಸಿದ ಮೊತ್ತವು ವಸತಿ, ಸಾರಿಗೆ ಎಲ್ಲವನ್ನೂ ಒಳಗೊಂಡ ಒಟ್ಟು ಮೊತ್ತವೆಂದು ಸೂಚಿಸಿರಬೇಕು. ಎರಡು, ನಾವು ಖರೀದಿಸುವ ಸೇವೆಗಳ ಮೇಲೆ ತೆತ್ತ ತೆರಿಗೆಯನ್ನು ಜಮೆಯಾಗಿ ಪಡೆಯುವಂತಿಲ್ಲ. ಇನ್ನೊಬ್ಬ ಪ್ರವಾಸ ಸಂಘಟಕರಿಂದ ಪಡೆದ ಅದೇ ಬಗೆಯ ಸೇವೆಗೆ ಮಾತ್ರ ವಿನಾಯಿತಿಯುಂಟು. ಆದುದರಿಂದ ವಾಹನ, ವಸತಿಗಳ ಬಿಲ್ಲಿನಲ್ಲಿರುವ ತೆರಿಗೆ ನಮಗೆ ವೆಚ್ಚವೇ ಆಗುತ್ತದೆ. ದಿನಕ್ಕೆ ರೂ. 7,500 ಮೀರದ ಹೋಟೆಲ್ ಕೊಠಡಿಗಳ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ ಈ ಭಾರ ಕೊಂಚ ಹಗುರವಾಗಿದೆ.

ಇಲ್ಲಿ ಬಹುತೇಕರು ಎಡವುವುದು ಜಾಹೀರಾತಿನ ಒಂದು ಸಾಲಿನಲ್ಲಿ. ‘ರೂ. 14,500 ಮತ್ತು ತೆರಿಗೆ’ ಎಂದು ಮುದ್ರಿಸಿದರೆ ಪ್ರವಾಸಿ ರೂ. 15,225 ಕೊಡುತ್ತಾನೆ, ರೂ. 725 ಸರ್ಕಾರಕ್ಕೆ ಸೇರುತ್ತದೆ. ಬರೀ ‘ರೂ. 14,500 ಮಾತ್ರ’ ಎಂದು ಮುದ್ರಿಸಿದರೆ ತೆರಿಗೆಯು ಅದರೊಳಗೇ ಅಡಗಿರುತ್ತದೆ. ಆಗ ನಮಗೆ ದಕ್ಕುವುದು ರೂ. 13,810 ಮಾತ್ರ. ಕೊಡುಗೆ ರೂ. 7,000ದಿಂದ ಸುಮಾರು ರೂ. 6,310ಕ್ಕೆ ಇಳಿಯುತ್ತದೆ. ಒಂಬತ್ತನೆಯವನ ಬದಲು ಹತ್ತನೆಯ ಪ್ರವಾಸಿ ಬಂದ ಮೇಲೆಯೇ ಖರ್ಚು ಹುಟ್ಟುತ್ತದೆ. ಹನ್ನೆರಡು ಜನರ ಲಾಭ ರೂ. 21,000ದಿಂದ ಸುಮಾರು ರೂ. 12,700ಕ್ಕೆ ಕುಸಿಯುತ್ತದೆ.

ನೋಂದಣಿಯ ಮಿತಿಯ ಬಗ್ಗೆಯೂ ಎಚ್ಚರ ಅಗತ್ಯ. ಸೇವೆಗಳಿಗೆ ಈ ಮಿತಿ ವಾರ್ಷಿಕ ರೂ. 20 ಲಕ್ಷ. ಆದರೆ ಲೆಕ್ಕಕ್ಕೆ ಬರುವುದು ಲಾಭವಲ್ಲ, ಒಟ್ಟು ವಹಿವಾಟು. ಮೇಲಿನ ಉದಾಹರಣೆಯಲ್ಲಿ ಒಂದು ಪ್ರವಾಸದ ವಹಿವಾಟು ರೂ. 1,74,000. ವರ್ಷದ ಹನ್ನೆರಡನೆಯ ಪ್ರವಾಸಕ್ಕೆ ಮಿತಿ ದಾಟುತ್ತದೆ. ಅಷ್ಟೇ ಅಲ್ಲ, ವಹಿವಾಟನ್ನು ಪ್ಯಾನ್ ಸಂಖ್ಯೆಯ ಆಧಾರದ ಮೇಲೆ ಒಟ್ಟುಗೂಡಿಸಲಾಗುತ್ತದೆ. ಈಗಾಗಲೇ ಅಂಗಡಿಗಾಗಿ ನೋಂದಾಯಿಸಿಕೊಂಡಿರುವ ವರ್ತಕರು ಅದೇ ಹೆಸರಿನಲ್ಲಿ ಪ್ರವಾಸ ನಡೆಸಿದರೆ ಮೊದಲನೆಯ ಪ್ರವಾಸದಿಂದಲೇ ತೆರಿಗೆ ಸಲ್ಲಿಸಬೇಕಾಗುತ್ತದೆ.

ಮುಂಗಡ: ಕೈಯಲ್ಲಿದೆ, ಆದರೆ ನಮ್ಮದಲ್ಲ

ಇದೇ ಈ ಲೇಖನದ ಮುಖ್ಯ ವಿಷಯ. ಪ್ರವಾಸಕ್ಕೆ ಎರಡು ತಿಂಗಳು ಮುಂಚೆ ಹನ್ನೆರಡು ಜನರಿಂದ ತಲಾ ರೂ. 5,000 ಮುಂಗಡ ಪಡೆದರೆ ರೂ. 60,000 ಖಾತೆಗೆ ಬರುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದು ಮಾರಾಟದ ಹಣದಂತೆಯೇ ಕಾಣುತ್ತದೆ. ಲೆಕ್ಕಶಾಸ್ತ್ರದ ಪ್ರಕಾರ ಅದು ಹಾಗಲ್ಲ. ವರಮಾನವನ್ನು ಗುರುತಿಸುವ ಬಗ್ಗೆ ಇರುವ ಒಂಬತ್ತನೆಯ ಲೆಕ್ಕ ಮಾನಕದಂತೆ, ಸೇವೆ ಸಲ್ಲಿಸಿದ ಮೇಲೆ ಅಥವಾ ಸಲ್ಲಿಸಿದ ಪ್ರಮಾಣಕ್ಕೆ ತಕ್ಕಂತೆ ಮಾತ್ರ ವರಮಾನ. ಅಲ್ಲಿಯವರೆಗೆ ಅದು ಹೊಣೆ. ಮಾರ್ಚಿಯಲ್ಲಿ ಪಡೆದ ಮುಂಗಡಕ್ಕೆ ಏಪ್ರಿಲ್‌ನಲ್ಲಿ ಪ್ರವಾಸವಿದ್ದರೆ, ಮಾರ್ಚ್ 31ರ ಆಸ್ತಿ–ಹೊಣೆ ಪಟ್ಟಿಯಲ್ಲಿ ಅದು ಹೊಣೆಗಳ ಬದಿಯಲ್ಲಿರಬೇಕು.

ಆದರೆ ಸೇವಾ ತೆರಿಗೆಯ ವಿಷಯದಲ್ಲಿ ಕಾನೂನು ಇಷ್ಟು ಕಾಯುವುದಿಲ್ಲ. ಸೇವೆಗಾಗಿ ಪಡೆದ ಮುಂಗಡದ ಮೇಲೆ ನೋಂದಾಯಿತ ಸಂಸ್ಥೆಯು ಪಡೆದಾಗಲೇ ತೆರಿಗೆಗೆ ಬಾಧ್ಯವಾಗುತ್ತದೆ. ತೆರಿಗೆ ಸೇರಿದ ಮೊತ್ತವೆಂದಿಟ್ಟುಕೊಂಡರೆ ರೂ. 60,000ದಲ್ಲಿ ಸುಮಾರು ರೂ. 2,857 ತೆರಿಗೆಯಾಗುತ್ತದೆ. ಮುಂಗಡಕ್ಕೆ ಸ್ವೀಕೃತಿ ಚೀಟಿ ಕೊಡಬೇಕು. ಪ್ರವಾಸ ರದ್ದಾಗಿ ಹಣ ಹಿಂತಿರುಗಿಸಿದರೆ ಮರುಪಾವತಿ ಚೀಟಿ ಬರೆಯಬೇಕು. ಈ ಎರಡು ಕಾಗದಗಳಿಲ್ಲದಿದ್ದರೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವುದು ಕಷ್ಟವಾಗುತ್ತದೆ.

ಮುಂಗಡವನ್ನು ತನ್ನದೆಂದು ಭಾವಿಸಿದ ವ್ಯಾಪಾರ ಹೇಗೆ ಸಂಕಟಕ್ಕೆ ಸಿಲುಕುತ್ತದೆ ಎಂಬುದಕ್ಕೆ ಕಾಡಿನ ಕ್ಯಾಲೆಂಡರ್ ನೋಡಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಘಾಟಿಗಳಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಬಹುದು, ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹೇರುವುದುಂಟು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಮಲೆನಾಡಿನ ಕಾಡಂಚಿನಲ್ಲಿ ಮಂಗನ ಕಾಯಿಲೆ ತಲೆದೋರುವುದೂ ಬೇಸಿಗೆಯ ಮುನ್ನಿನ ದಿನಗಳಿಂದಲೇ. ದತ್ತ ಜಯಂತಿಯ ಸಮಯದಲ್ಲಿ ಚಂದ್ರದ್ರೋಣ ಬೆಟ್ಟಗಳಿಗೆ ಪ್ರವಾಸಿಗಳನ್ನು ಕೆಲವು ದಿನ ಬಿಡುವುದಿಲ್ಲ. ಇದಲ್ಲದೆ, 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಜನಸಾಗರ ಹರಿದುಬಂದ ನಂತರ, ಆನ್‌ಲೈನ್ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂದು, ಚಾರಣದ ಟಿಕೆಟ್‌ಗಳು ಅಲ್ಲಿ ದೊರೆಯತೊಡಗಿದವು. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೂ ಚಿಕ್ಕಮಗಳೂರು ಜಿಲ್ಲಾಡಳಿತವು ಮುಂಚಿತ ಆನ್‌ಲೈನ್ ನೋಂದಣಿಯನ್ನು ಜಾರಿಗೆ ತಂದಿತು.

ಇವುಗಳಲ್ಲಿ ಯಾವುದಾದರೊಂದು ಕಾರಣದಿಂದ ಪ್ರವಾಸ ನಿಂತರೆ ಮುಂಗಡದ ಗತಿಯೇನು? 1872ರ ಭಾರತೀಯ ಕರಾರು ಅಧಿನಿಯಮದ 56ನೆಯ ಪ್ರಕರಣದಂತೆ, ನೆರವೇರಿಸಲು ಅಸಾಧ್ಯವಾದ ಕರಾರು ಶೂನ್ಯವಾಗುತ್ತದೆ. ಹಾಗಾದಾಗ ಪಡೆದ ಪ್ರಯೋಜನವನ್ನು ಹಿಂತಿರುಗಿಸಬೇಕೆಂದು 65ನೆಯ ಪ್ರಕರಣ ಹೇಳುತ್ತದೆ. ‘ಯಾವ ಕಾರಣಕ್ಕೂ ಹಣ ವಾಪಸು ಇಲ್ಲ’ ಎಂದು ರಸೀದಿಯ ಹಿಂದೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕೆಳಗೆ ಪ್ರವಾಸಿಯು ತನ್ನದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಪ್ರವಾಸಿಯೇ ಹಿಂದೆ ಸರಿದರೆ ಪರಿಸ್ಥಿತಿ ಬೇರೆ. ಆಗ ನಮಗಾದ ನಷ್ಟಕ್ಕೆ ನ್ಯಾಯಸಮ್ಮತ ಪರಿಹಾರವನ್ನು ಹಿಡಿದಿಟ್ಟುಕೊಳ್ಳಬಹುದು. ಆ ಮೊತ್ತವನ್ನು ಮನಸ್ಸಿಗೆ ಬಂದಂತೆ ಅಲ್ಲ, ಹೊರಡುವ ದಿನ ಸಮೀಪಿಸಿದಂತೆ ಏರುವ ದರಪಟ್ಟಿಯಾಗಿ ಮೊದಲೇ ತಿಳಿಸಿರಬೇಕು. ಹೀಗೆ ಹಿಡಿದುಕೊಂಡ ರದ್ದತಿ ಶುಲ್ಕಕ್ಕೂ ಮೂಲ ಸೇವೆಯ ದರದಲ್ಲೇ ತೆರಿಗೆ ಅನ್ವಯಿಸುತ್ತದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಈ ಮಾತು ಸಣ್ಣವರಿಗಷ್ಟೇ ಅಲ್ಲ. 178 ವರ್ಷಗಳ ಇತಿಹಾಸವುಳ್ಳ ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆ 2019ರ ಸೆಪ್ಟೆಂಬರ್ 23ರಂದು ಮುಚ್ಚಿದಾಗ, ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗಳು ಹೊರದೇಶಗಳಲ್ಲಿದ್ದರು. ಅದೇ ಹೆಸರಿನ ಭಾರತೀಯ ಕಂಪನಿ ಅಷ್ಟರಲ್ಲಾಗಲೇ ಪ್ರತ್ಯೇಕ ಒಡೆತನಕ್ಕೆ ಸೇರಿದ್ದರಿಂದ ಅದಕ್ಕೂ ಈ ಕುಸಿತಕ್ಕೂ ಸಂಬಂಧವಿರಲಿಲ್ಲ. ಸಾಲದ ಹೊರೆ ಹೊತ್ತಿದ್ದ ಬ್ರಿಟನ್ನಿನ ಸಂಸ್ಥೆಯ ದಿನನಿತ್ಯದ ವಹಿವಾಟಿಗೆ ಗ್ರಾಹಕರ ಮುಂಗಡವೂ ಒಂದು ಆಧಾರವಾಗಿತ್ತು. ಅಲ್ಲಿ ಪ್ರವಾಸಿಗಳ ರಕ್ಷಣೆಗೆಂದು ಕಾನೂನಿನ ಪ್ರಕಾರ ವ್ಯವಸ್ಥೆಯೊಂದು ಇದ್ದುದರಿಂದ ಸರ್ಕಾರವು ಅವರನ್ನು ಕರೆತಂದಿತು. ನಮ್ಮ ಹೆದ್ದಾರಿಯ ಬದಿಯ ಪ್ರವಾಸ ಸಂಸ್ಥೆಗೆ ಅಂತಹ ಆಸರೆಯಿಲ್ಲ. ನಮ್ಮ ಪ್ರವಾಸಿಯ ರಕ್ಷಣಾ ನಿಧಿ ಎಂದರೆ ನಮ್ಮ ಶಿಸ್ತು ಮಾತ್ರ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಮುಂಗಡಕ್ಕಾಗಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಆ ಪ್ರವಾಸದ ವಾಹನ, ವಸತಿ, ಅನುಮತಿಗಳಿಗೆ ಮಾತ್ರ ಅದರಿಂದ ಪಾವತಿ ಮಾಡಿರಿ. ಮುಂದಿನ ತಂಡದ ಮುಂಗಡದಿಂದ ಹಿಂದಿನ ತಂಡದ ಬಾಕಿ ತೀರಿಸುವ ಪರಿಪಾಠ ಎಂದಿಗೂ ಬೇಡ. ಹೋಂಸ್ಟೇ ಮತ್ತು ವಾಹನದವರಿಗೆ ಕೊಡುವ ಮುಂಗಡಕ್ಕೂ ಸರ್ಕಾರಿ ಆದೇಶದಿಂದ ರದ್ದಾದರೆ ಹಿಂತಿರುಗಿಸತಕ್ಕದ್ದೆಂಬ ಷರತ್ತನ್ನು ಬರವಣಿಗೆಯಲ್ಲಿ ಪಡೆಯಿರಿ. ನಾವು ಪ್ರವಾಸಿಗೆ ಕೊಟ್ಟ ಮಾತೂ, ನಮಗೆ ಇತರರು ಕೊಟ್ಟ ಮಾತೂ ಒಂದೇ ಅಳತೆಯದಾಗಿರಬೇಕು. ಅವುಗಳ ನಡುವಿನ ಅಂತರವೇ ನಮ್ಮ ನಷ್ಟ.

ವಾಹನ ಮತ್ತು ಮಾರ್ಗದರ್ಶಿ

ಉಳಿಸಬಾರದ ಎರಡು ಖರ್ಚುಗಳಿವೆ. ಮೊದಲನೆಯದು ವಾಹನ. ಪ್ರವಾಸಿ ಪರವಾನಗಿಯ ಹಳದಿ ಫಲಕದ ವಾಹನದ ಬದಲು ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವುದರಿಂದ ಕೆಲವು ಸಾವಿರ ಉಳಿಯಬಹುದು. ಆದರೆ ಅದು ಮೋಟಾರು ವಾಹನ ಅಧಿನಿಯಮದ ಉಲ್ಲಂಘನೆ. ಅಪಘಾತವಾದರೆ ಪಾಲಿಸಿಯ ಷರತ್ತು ಮುರಿದಿದೆಯೆಂದು ವಿಮಾ ಕಂಪನಿಯು ತಕರಾರು ತೆಗೆಯುತ್ತದೆ. ಒಂದು ಘಾಟಿಯ ತಿರುವು ಇಡೀ ಜೀವಮಾನದ ಉಳಿತಾಯವನ್ನು ನುಂಗಬಲ್ಲದು. ಚಾಲಕನ ದುಡಿಮೆ ದಿನಕ್ಕೆ ಎಂಟು ಗಂಟೆ ಎಂಬುದು ಕಾನೂನಿನ ಸಾಮಾನ್ಯ ನಿಯಮ. ನಮ್ಮ ಉದಾಹರಣೆಯಲ್ಲಿ ಐದನೆಯ ದಿನವನ್ನು ಹಿಂತಿರುಗುವುದಕ್ಕಷ್ಟೇ ಮೀಸಲಿಟ್ಟಿರುವುದು ಈ ಕಾರಣದಿಂದ.

ಎರಡನೆಯದು ಮಾರ್ಗದರ್ಶಿ. ಬೆಟ್ಟದಲ್ಲಿ ಮಂಜು ಕವಿದಾಗ ದಾರಿ ಬಲ್ಲವನೂ, ಯಾವ ಹಳ್ಳ ಯಾವಾಗ ಏರುತ್ತದೆಂದು ಹೇಳಬಲ್ಲವನೂ ಆ ಊರಿನವನೇ. ಅವನ ಸಂಭಾವನೆ ನಮ್ಮ ಒಟ್ಟು ವಹಿವಾಟಿನಲ್ಲಿ ರೂ. 6,000, ಅಂದರೆ ಶೇ. 4ಕ್ಕೂ ಕಡಿಮೆ. ಪ್ರವಾಸಿ ಎರಡನೆಯ ಬಾರಿ ಬರುವುದು ಬಹುಪಾಲು ಆತನಿಂದ. ರಾಜ್ಯ ಸರ್ಕಾರದ ಸಂಸ್ಥೆಯಾಗಿ 1980ರಲ್ಲಿ ಆರಂಭವಾದ ಜಂಗಲ್ ಲಾಡ್ಜಸ್‌ನ ಹೆಸರು ಗಟ್ಟಿಯಾದದ್ದು ಕೊಠಡಿಗಳಿಂದಷ್ಟೇ ಅಲ್ಲ, ಕಾಡನ್ನು ವಿವರಿಸಬಲ್ಲ ಅಲ್ಲಿನ ಪ್ರಕೃತಿತಜ್ಞರಿಂದಲೂ ಹೌದು.

ಲೆಕ್ಕಪುಸ್ತಕದಲ್ಲಿಲ್ಲದ ಬಂಡವಾಳ

ಕೊನೆಯದಾಗಿ, ಯಾವ ಆಸ್ತಿ–ಹೊಣೆ ಪಟ್ಟಿಯಲ್ಲಿಯೂ ಕಾಣದ ಒಂದು ಆಸ್ತಿಯ ಬಗ್ಗೆ ಹೇಳಬೇಕು. ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪನಿಯು ದಶಕಗಳ ಕಾಲ ಗಣಿಗಾರಿಕೆ ನಡೆಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು. ಅದರೊಡನೆ ಒಂದು ಇಡೀ ಪಟ್ಟಣದ ವ್ಯಾಪಾರ ಕುಗ್ಗಿತು. ಅದಿರು ತೆಗೆದಷ್ಟೂ ಬರಿದಾಗುವ ಬಂಡವಾಳ. ಶೋಲಾ ಮತ್ತು ಮಳೆಕಾಡು ಹಾಗಲ್ಲ, ಮಿತಿಯಲ್ಲಿ ಬಳಸಿದರೆ ಪ್ರತಿ ವರ್ಷ ಬಡ್ಡಿ ಕೊಡುತ್ತದೆ. ದಿನಕ್ಕೆ ಇಷ್ಟೇ ಜನ, ಇಷ್ಟೇ ವಾಹನ ಎಂಬ ಮಿತಿಗಳನ್ನು ಕೆಲವರು ವ್ಯಾಪಾರಕ್ಕೆ ಅಡ್ಡಿಯೆಂದು ಬಗೆಯುತ್ತಾರೆ. ಲೆಕ್ಕಿಗನ ಕಣ್ಣಿಗೆ ಅದು ಬೇರೆಯಾಗಿ ಕಾಣುತ್ತದೆ. ಮಿತಿಯಿರುವ ಸರಕಿಗೆ ಬೆಲೆಯಿರುತ್ತದೆ, ಮಿತಿಯಿಲ್ಲದ ಸಂತೆಯಲ್ಲಿ ಬೆಲೆ ಕುಸಿಯುತ್ತದೆ. ಹನ್ನೆರಡು ಜನರ ತಂಡ ತಲಾ ರೂ. 14,500 ಕೊಡುವುದು ಶಿಖರದಲ್ಲಿ ಸಾವಿರ ಜನರ ನಡುವೆ ನಿಲ್ಲುವುದಕ್ಕಲ್ಲ.

ಈ ವೃತ್ತಿಗೆ ಇಳಿಯಬಯಸುವ ಸದಸ್ಯರು ಮೊದಲ ಜಾಹೀರಾತು ಮುದ್ರಿಸುವ ಮುನ್ನ ನಾಲ್ಕು ಕಾಗದಗಳನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು: ಸ್ಥಿರ ಮತ್ತು ಚರ ವೆಚ್ಚಗಳ ಪಟ್ಟಿ, ತಿಂಗಳುವಾರು ಕಾಡು ಮುಚ್ಚುವ ಸಾಧ್ಯತೆಯ ಪಟ್ಟಿ, ರದ್ದತಿ ಮತ್ತು ಮರುಪಾವತಿಯ ಲಿಖಿತ ಷರತ್ತುಗಳು, ಮುಂಗಡದ ಪ್ರತ್ಯೇಕ ಖಾತೆಯ ಪಾಸ್‌ಬುಕ್. ಈ ನಾಲ್ಕೂ ಸರಿಯಾಗಿದ್ದಲ್ಲಿ, ಒಂದು ಋತು ಮಳೆ ಹೆಚ್ಚಾಗಿ ಪ್ರವಾಸಗಳು ನಿಂತರೂ ಸಂಸ್ಥೆಗೆ ತಪ್ಪುವುದು ಆ ಋತುವಿನ ಲಾಭ ಮಾತ್ರ. ಅದರ ಹೆಸರು ಉಳಿಯುತ್ತದೆ, ಮುಂದಿನ ಅಕ್ಟೋಬರಿಗೆ ಅದೇ ಪ್ರವಾಸಿಗಳು ಮತ್ತೆ ಮುಂಗಡ ಕೊಡುತ್ತಾರೆ.